ಗಾಜಿನ ತೊಟ್ಟಿಯ ಆರು ಮೀನುಗಳ ಮೇಲೆ ನನ್ನ ದೂರು

ಕುಂಟೆಪಾಳ್ಯ, ಕೆ.ಆರ್.ಪುರದ ಆಚೆ
೧೨ ಫೆಬ್ರವರಿ ೨೦೦೪

ನಮ್ಮ ಪುರಸಭೆಯ ಕೊಳಚೆ ನೀರು ಶುದ್ಧೀಕರಣ ಘಟಕದ ಗೇಟಿನ ಬಳಿ, ಗಾಜಿನ ತೊಟ್ಟಿಯಲ್ಲಿ ಸುಖವಾಗಿರುವ ಆರು ಮಂದಿ ಬಂಗಾರದ ಮೀನುಗಳಾದ ಮಾನ್ಯರೇ,

ತೋಟದ ಕೆಲಸದ ಮಾನಪ್ಪ ತಮ್ಮ ಬಾಲಗಳಿಗೆ ಕೈಮುಗಿದು ಬರೆದುಕೊಳ್ಳುವುದು. ನಿನ್ನೆ ಕೆಟ್ಟ ಕನಸು ಬಿತ್ತು. ತಾವು ಆರೂ ಮಂದಿ ಕುರ್ಚಿ ಹಾಕಿಕೊಂಡು ಕೂತಿದ್ದಿರಿ, ತೊಟ್ಟಿಯೊಳಗೆ ನಾನಿದ್ದೆ, ಇವನಿನ್ನೂ ಕೈಕಾಲು ಆಡಿಸುತ್ತಿದ್ದಾನೆ ಆದ್ದರಿಂದ ನೀರು ಚೆನ್ನಾಗಿದೆ ಎಂದು ತಾವು ಬರೆದುಕೊಳ್ಳುತ್ತಿದ್ದಿರಿ. ಎದ್ದಾಗಿನಿಂದ ಜೀವಕ್ಕೆ ಸಮಾಧಾನವಿಲ್ಲ. ನಾಲ್ಕನೇ ಕ್ಲಾಸು ಅರ್ಧಕ್ಕೆ ಬಿಟ್ಟವನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಘಟಕದಲ್ಲಿ ಶುದ್ಧವಾದ ನೀರಿನಲ್ಲಿ ಮೀನು ಬದುಕುತ್ತದೆಂದು ಬಂದವರಿಗೆ ತೋರಿಸಲು ತಮ್ಮನ್ನು ಇಟ್ಟಿರುವುದು, ಆ ನೀರು ಹಿಡಿದು ತುಂಬುವುದು ನನ್ನ ಪಾಲಿನ ಕೆಲಸ. ತಮಗಿಂತ ಮುಂಚಿನವರು ಬಹಳ ಆತುರದವರು, ಸೋಮವಾರ ಬಂದರೆ ಬುಧವಾರಕ್ಕೆ ಹೊಟ್ಟೆ ಮೇಲೆ ಮಾಡುತ್ತಿದ್ದರು. ವಾರವಾರವೂ ಹೊಸಬರನ್ನು ತರಲು ಶಿವಾಜಿನಗರಕ್ಕೆ ಹೋಗುತ್ತಿದ್ದ ನನ್ನನ್ನು ಮೀನಿನಂಗಡಿಯ ನಯಾಜ್, "ಏನ್ ಗುರು, ಹುರ್ಕೊಂಡು ತಿಂತಿದ್ದೀಯಾ?" ಎಂದು ಕೇಳಿದ. ನೀರಿನ ರಿಪೋರ್ಟು ಸರಿಯಿದ್ದೂ ಮೀನು ಸತ್ತರೆ ಅದು ನೋಡಿಕೊಳ್ಳುವವನ ನಿರ್ಲಕ್ಷ್ಯವೆಂದು ನಮ್ಮ ಇಂಜಿನಿಯರು ಮೆಮೊ ಕೊಟ್ಟರು. ಇನ್ನೊಂದು ಸತ್ತರೆ ಕೆಲಸ ಇಲ್ಲವಂತೆ.

ಹೆದರಿಕೆಗೆ, ಹೋದ ತಿಂಗಳು ತಪಾಸಣೆಯ ಹಿಂದಿನ ದಿನ, ತಮಗೆ ತೋಟದ ಬೋರ್‌ವೆಲ್ ನೀರು ತುಂಬಿಬಿಟ್ಟೆ. ಅಬ್ಬಾ, ತಮ್ಮ ಆರೋಗ್ಯವೇ, ತಮ್ಮ ಮೈಬಣ್ಣವೇ. ತಪಾಸಣೆಯ ಸಾಹೇಬರು ನಿಂತು ನೋಡಿ, "ನೋಡ್ರೀ, ಮೀನೇ ಸರ್ಟಿಫಿಕೇಟ್ ಕೊಡ್ತಿದೆ" ಎಂದರು. ಘಟಕದ ನೀರು ಹೊರಬರುವ ಕೊಳವೆಯ ಬಾಯಿಯ ಹತ್ತಿರ ಕೆಸರಿದ್ದ ಕಾರಣ ಪರೀಕ್ಷೆಯ ಸೀಸೆಯನ್ನೂ ತಮ್ಮ ತೊಟ್ಟಿಯಲ್ಲೇ ಅದ್ದಿಕೊಂಡು ಹೋದರು. ಆ ಸೀಸೆಯ ನೀರು ಪಾಸಾಗಿ ಈಗ ಆದೇಶವಾಗಿದೆ: ಇಷ್ಟು ದಿನ ರಾಜಕಾಲುವೆಗೆ ಹೋಗುತ್ತಿದ್ದ ಘಟಕದ ನೀರನ್ನು ಬರುವ ಸೋಮವಾರದಿಂದ ಕೆರೆಗೆ ಬಿಡುವುದು.

ಆ ಕೆರೆಯ ಕಟ್ಟೆಯ ಕೆಳಗಿನ ಬಾವಿಯಲ್ಲಿ ನಮ್ಮ ವಠಾರದ ಇಪ್ಪತ್ತು ಬಾಡಿಗೆ ಕೋಣೆಗಳವರು ಕುಡಿಯುವ ನೀರು ಸೇದುತ್ತೇವೆ. ನನ್ನ ಹೆಂಡತಿ ಜಟ್ಟೆಮ್ಮ ಎಲ್ಲ ಕೇಳಿಕೊಂಡು, ಹಿಟ್ಟು ನಾದುತ್ತಲೇ, "ಮೀನಿಗಿ ಚಲೋ ನೀರು ಹಾಕಿ, ನಮಗ ಆ ನೀರು ಕುಡಸ್ತೀಯೇನ?" ಎಂದಳು.

ಆದಕಾರಣ ಮಾನ್ಯರಾದ ತಾವು ದೊಡ್ಡ ಮನಸ್ಸು ಮಾಡಿ, ನಾಳೆ ಇಂಜಿನಿಯರು ಬರುವ ಹೊತ್ತಿಗೆ ಸಾಯದೆಯೇ ಅರ್ಧ ಗಂಟೆ ಹೊಟ್ಟೆ ಮೇಲೆ ಮಾಡಿ ತೇಲಬೇಕು. ಅದು ಮರ್ಯಾದೆಗೆ ಕಡಿಮೆಯೆನಿಸಿದರೆ ಒಬ್ಬರಾದರೂ ಆಫೀಸಿನವರೆಗೆ ನಡೆದು ಹೋಗಿ ಹೇಳಿಕೆ ಕೊಡಬೇಕು, ತಮ್ಮ ಮಾತಿಗಿರುವ ಬೆಲೆ ನನ್ನ ಮಾತಿಗಿಲ್ಲ. ತಮಗೆ ಪುನಃ ಕೊಳವೆಯ ನೀರನ್ನೇ ಹಾಕಿದರೆ ಸತ್ಯ ತಾನಾಗಿ ತೇಲುತ್ತದೆ ಎಂಬುದು ನನಗೂ ಹೊಳೆದಿದೆ. ಮೂರು ಸಾರಿ ಬಕೆಟ್ಟು ತುಂಬಿ ತಂದೆ, ಮೂರು ಸಾರಿಯೂ ತಾವು ಗಾಜಿಗೆ ಮೂತಿಯೊತ್ತಿ ನೋಡಿದಿರಿ, ಗಿಡಕ್ಕೆ ಸುರಿದೆ. ಬೇರೆ ದಾರಿ ಕಾಣದೆ ಇದನ್ನು ಗೇಟಿಗೆ ಅಂಟಿಸುತ್ತಿದ್ದೇನೆ, ಮೆಮೊ ಬಂದರೆ ಬರಲಿ.

ಕೆಲಸ ಇರುವ ತನಕ ತಮಗೆ ಬೋರ್‌ವೆಲ್ ನೀರನ್ನೇ ತುಂಬುವ,
ತಮ್ಮ ವಿಶ್ವಾಸಿ
ಮಾನಪ್ಪ

ಮರೆತ ಮಾತು: ಇದನ್ನು ಓದುವ ತಪಾಸಣೆಯ ಸಾಹೇಬರು ಬೇಸರಿಸದೆ, ಸೀಸೆಯ ಚೀಟಿಯ ಮೇಲೆ 'ನೀರು ಹಿಡಿದ ಜಾಗ' ಎಂಬಲ್ಲಿ ಏನು ಬರೆದಿದೆಯೆಂದು ಸೋಮವಾರದೊಳಗೆ ಇನ್ನೊಮ್ಮೆ ನೋಡಬೇಕು. ಕೊಳವೆಯ ಬಾಯಿಯವರೆಗೂ ಹಲಗೆ ಹಾಸಿದ್ದೇನೆ, ಬೂಟು ಕೆಸರಾಗುವುದಿಲ್ಲ.