ಅತ್ತೆಯ ಜವಾರಿ ಟಮಾಟಿ

ಕೆಲವರಿಗೆ ಚಿಂತೆ ಮಾಡಲು ಕಾರಣ ಬೇಕಾಗುತ್ತದೆ. ನನಗೆ ಎರಡು ಮಡಿ ಮಣ್ಣು ಸಾಕು. ದಾವಣಗೆರೆಯ ನಮ್ಮ ಹಿತ್ತಿಲಿನ ಆ ಎರಡು ಮಡಿಗಳಲ್ಲಿ ಯಾವ ಟೊಮೆಟೊ ಹಾಕುವುದೆಂದು ಹದಿನೈದು ದಿನ ಅನ್ನ ಸೇರಲಿಲ್ಲ. ಪೇಟೆಯಲ್ಲಿ ಸಿಗುವ ಸೀಮೆ ಬೀಜದ ಪೊಟ್ಟಣದ ಮೇಲೆ ಮಗುವಿನ ಕೆನ್ನೆಯಂಥ ಹಣ್ಣಿನ ಚಿತ್ರವಿತ್ತು. ಹರಿಹರದ ನಮ್ಮ ಅತ್ತೆಯವರ ಜವಾರಿಯೋ ಗೋಲಿಯಷ್ಟೇ ಗಾತ್ರ. ಆದರೆ ನಾಲ್ಕು ಹಿಂಡಿದರೆ ಮನೆಮಂದಿಯ ಸಾರಿಗೆಲ್ಲ ಹುಳಿ. ನಾನು ಕೆಲಸ ಮಾಡುವ ಮಿಲ್ಲಿನ ಆಫೀಸಿನಲ್ಲಿ ವಿಚಾರಿಸಿದೆ. ನಾಲ್ಕು ಜನ ಐದು ಅಭಿಪ್ರಾಯ ಕೊಟ್ಟರು. ಕೊನೆಗೆ ಮಡಿಗೊಂದರಂತೆ ಎರಡೂ ಇರಲಿ ಎಂದುಕೊಂಡೆ.

ಅತ್ತೆ ಬೀಜ ಕಳಿಸಿದರು. ಹಳಬರ ಪದ್ಧತಿಯಂತೆ ಸಗಣಿಯಲ್ಲಿ ಕಲಸಿ, ಗೋಡೆಗೆ ತಟ್ಟಿ ಒಣಗಿಸಿದ ಕುಳ್ಳು, ನೋಡಿದರೆ ಬರೀ ಬೆರಣಿ. ಅದನ್ನು ಬಚ್ಚಲ ಕಟ್ಟೆಯ ಮೇಲೆ ಯಾರೋ ಇಟ್ಟಿದ್ದರು. ಯಾರೋ ಎಂದರೆ ನಾನೇ. ಮರುದಿನ ಬೆಳಿಗ್ಗೆ ನೀರೊಲೆ ಉರಿಯಲಿಲ್ಲವೆಂದು ಕೈಗೆ ಸಿಕ್ಕಿದ ಕುಳ್ಳು ಮುರಿದು ಒಳಗೆ ತುರುಕಿದೆ. ಸ್ನಾನ ಭರ್ಜರಿಯಾಯಿತು. ತಲೆ ಒರೆಸಿಕೊಳ್ಳುವಾಗ ಹೆಂಡತಿ, "ರೀ, ಅವ್ವ ಕಳಿಸಿದ ಬೀಜ ಎಲ್ಲಿಟ್ರಿ?" ಎಂದಳು.

ತಪ್ಪೊಪ್ಪಿಕೊಳ್ಳಲೆಂದೇ ಭಾನುವಾರ ಹರಿಹರಕ್ಕೆ ಹೋದೆ. ಚಪ್ಪಲಿ ಬಿಡುವಷ್ಟರಲ್ಲೇ ಅತ್ತೆ, "ಬರ್ರಿ ಅಳಿಯಂದ್ರೆ, ಕೂಡ್ರಿ. ಟಮಾಟಿ ಹೆಂಗದಾವ್ರಿ? ಇಲ್ಲಿ ಮಳಿಗೆ ಒಂದು ಗಿಡಾನೂ ಉಳೀಲಿಲ್ಲ. ಇದ್ದ ಬೀಜ ಎಲ್ಲ ನಿಮಗಾ ಕಳಿಸೀನಿ. ನಮ್ಮತ್ತಿ ಕೊಟ್ಟ ತಳಿ, ಇನ್ನ ನಿಮ್ಮ ಕೈಯಾಗ ಐತೆ" ಎಂದರು.

"ಮೊಳಕೆ ಬಂದಾವ್ರಿ" ಎಂದಿತು ನನ್ನ ಬಾಯಿ. ಹಾಗಾದರೆ ನಾಲ್ಕು ಸಸಿ ನನಗೂ ತಂದುಕೊಡಿ ಎಂದರು ಅತ್ತೆ.

ಇನ್ನೊಂದು ಮಡಿಯ ಸೀಮೆ ಸಸಿಗಳನ್ನೇ ಜವಾರಿಯೆಂದು ಸೀಮೆಎಣ್ಣೆ ಡಬ್ಬಿಯಲ್ಲಿಟ್ಟು ರೈಲಿನಲ್ಲಿ ಒಯ್ದು ಕೊಟ್ಟೆ. ಆಮೇಲೆ ಮೂರು ತಿಂಗಳು ಅಂಚೆಯವನನ್ನು ಕಂಡರೆ ಹಿತ್ತಿಲಿಗೆ ಓಡುತ್ತಿದ್ದೆ. ಕಡೆಗೆ ಬರಹೇಳಿ ಅತ್ತೆಯ ಕಾಗದ ಬಂತು. ಹೋಗಿ ನೋಡಿದರೆ ಅತ್ತೆಯ ಹಿತ್ತಿಲಲ್ಲಿ ಮುಷ್ಟಿ ಗಾತ್ರದ ಹಣ್ಣುಗಳು, ಸುತ್ತ ಓಣಿಯ ಹೆಂಗಸರು.

"ನೋಡ್ರವ್ವಾ, ನನ್ನ ಗೋಲಿಯಂಥ ಟಮಾಟಿ ಅಳಿಯಂದ್ರ ಕೈಗುಣಕ್ಕ ಹೆಂಗಾಗ್ಯಾವ! ಹುಳಿ ಒಂಚೂರು ಕಮ್ಮಿ, ಹುಣಸೇಹಣ್ಣು ಹಾಕಿದ್ರಾತು."

ಆರು ಮನೆಗೆ ಬೀಜ ಕೊಡುವುದಾಗಿ ಮಾತೂ ಆಗಿತ್ತು. ನನಗೆ ತಡೆಯಲಾಗಲಿಲ್ಲ.

"ಅತ್ತೇರೆ, ನಿಮ್ಮ ಬೀಜ ನಾನು ನೀರೊಲಿಗೆ ಹಾಕಿಬಿಟ್ಟೆ. ಇವು ಅಂಗಡೀವು."

ಅತ್ತೆ ಗಲ್ಲಕ್ಕೆ ಕೈ ಹಚ್ಚಿಕೊಂಡು ನಕ್ಕರು. "ಕೇಳಿದ್ರೇನ್ರೆ! ದೃಷ್ಟಿ ಆದೀತು ಅಂತ ಹಿಂಗಂತಾರ. ಎಷ್ಟು ತಗ್ಗಿ ನಡಕೋತಾರ!"

ಇನ್ನೊಮ್ಮೆ ಒತ್ತಿ ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದ ಮನೆಯವರು, ತಮ್ಮ ಬದನೆ ಗಿಡ ಸೊರಗಿದೆ, ಒಂದು ಸಲ ಮುಟ್ಟಿ ಹೋಗಬೇಕು ಎಂದರು.

ಹೋದೆ.