ಅಜ್ಜಿಯ ಮಗ್ಗ, ಸುಮ್ಮನಿರದ ಕೈಗಳು

ಕಾಲು ಒಂದು ಕಡೆ ನಿಲ್ಲದವನಿಗೆ ಇಂಥ ಪ್ರಸಂಗಗಳು ಎದುರಾಗುತ್ತಲೇ ಇರುತ್ತವೆ. ಸಣ್ಣವನಿದ್ದಾಗಲೇ ಶಾಲೆಗೆ ಕೈಮುಗಿದು ಊರೂರು ತಿರುಗುತ್ತ ಬಂದವನು ನಾನು. ಸೀರೆಗೆ ಹೆಸರಾದ ನಾರಾಯಣಪೇಟೆಗೆ ಬಂದರೆ ಮಾತ್ರ ಒಂದು ಹಳೇ ವಾಡೆ ನನ್ನನ್ನು ಹಿಡಿದು ಕೂರಿಸುತ್ತದೆ. ಊರಿನ ಕೆಲವರು ಸಂಬಳವಿಲ್ಲದೆ ದುಡಿದು ಅದನ್ನು ಜನ ಬಂದು ನೋಡುವ ಪರಂಪರೆಯ ಮನೆ ಮಾಡಿದ್ದಾರೆ. ಹೈದರಾಬಾದಿನಲ್ಲಿರುವ ಮನೆಯೊಡತಿಯ ಮಾತು ಒಂದೇ: "ಜನ ಬಂದರ ತೆರೀರಿ. ಇಲ್ಲಾಂದ್ರ ಬೀಗ."

೧. ಮುಂದ ಸರೀರಿ

ಮನೆ ತೋರಿಸುವವರು ನಿವೃತ್ತ ಬಸ್ ಕಂಡಕ್ಟರು. "ಇದಕ್ಕ ಬೀಗ ಬಿದ್ದರ, ಇನ್ನೊಮ್ಮೆ ರಿಟೈರ್ ಆಗಾಕ ನನ್ನ ಕೈಲಿ ಆಗೂದಿಲ್ಲ" ಎನ್ನುವವರು. ಮೊದಲ ಸಲ ಹೋದಾಗ ಅಂಗಳದಲ್ಲಿ ನಾನೊಬ್ಬನೇ. ಬೆಳಕಿಂಡಿಯಿಂದ ಇಳಿದ ಬಿಸಿಲು ಹಾಸಿಟ್ಟ ಧೋತರದಂತೆ ನೆಲದ ಮೇಲಿತ್ತು.

"ಮುಂದ ಸರೀರಿ, ಮುಂದ ಸರೀರಿ, ಹಿಂದಿನವ್ರಿಗೆ ಜಾಗ ಬಿಡ್ರಿ," ಎಂದರು.

"ಹಿಂದ ಯಾರೂ ಇಲ್ಲರೀ."

"ಇರ್ಲಿ ಬಿಡ್ರಿ. ಮುಂದಿನ ಸ್ಟಾಪಿನಾಗ ಹತ್ತತಾರ."

೨. ತೂಗುಮಂಚ

ಪಡಸಾಲೆಯ ತೂಗುಮಂಚದ ಮೇಲೆ ಒಂದು ಮಧ್ಯಾಹ್ನ ಕಣ್ಣು ಮುಚ್ಚಿದೆ. ಪಾರಿವಾಳಗಳ ಗುನುಗು, ಸರಪಳಿಯ ಕಿರ್ ಕಿರ್. ಕೃಷ್ಣೆಯ ಮೇಲೆ ಹರಿಗೋಲಿನಲ್ಲಿ ಎಲ್ಲಿಗೋ ತೇಲುತ್ತಿದ್ದೆ. ಮಾತು ಕೇಳಿ ಎಚ್ಚರವಾಯಿತು, ಆದರೆ ಕಣ್ಣು ತೆರೆಯಲು ನಾಚಿಕೆ. ಮಕ್ತಲದಿಂದ ಬಂದ ಸಂಸಾರವೊಂದು ನನ್ನ ಸುತ್ತ ನಿಂತಿತ್ತು.

"ಇದೇನ್ರೀ?" ಎಂದಳು ಹೆಂಗಸು.

"ಹಿಂದಿನ ಸಾಹುಕಾರ್ರು ಊಟ ಆದಮ್ಯಾಲ ಹಿಂಗ ಮಲಗತಿದ್ರು. ತೋರಸಾಕ ಇಟ್ಟೀವಿ," ಎಂದರು ಕಂಡಕ್ಟರು.

ಆಕೆ ನನ್ನ ಮೂಗಿಗೆ ಬೆರಳು ಹಿಡಿದಳು. "ಅಬ್ಬಾ, ಉಸಿರೂ ಬಿಡತೈತಿ!"

"ಕರೆಂಟ್ ಇದ್ದಾಗ ಅಷ್ಟ."

೩. ಅರ್ಧ ಸೀರೆ

ಒಳಕೋಣೆಯಲ್ಲಿ ಮಗ್ಗ, ಅದರ ಮೇಲೆ ಒಡತಿಯ ಅಜ್ಜಿ ಅರ್ಧಕ್ಕೆ ಬಿಟ್ಟ ಸೀರೆ. 'ಮುಟ್ಟಬಾರದು' ಎಂದು ಹಲಗೆ. ಉಳಿದವರೆಲ್ಲ ಕೈಕಟ್ಟಿ ನೋಡುತ್ತಿದ್ದರು. ಈ ಊರಿಂದ, ಗದ್ವಾಲದಿಂದ ನೋಡಲು ಬಂದ ನೇಕಾರರಿಗೆ ಮಾತ್ರ ಸುಮ್ಮನೆ ನಿಂತ ಮಗ್ಗ ಕಂಡರೆ ಕೈ ತುರಿಕೆ. "ಎರಡ ಎಳಿ ಅಷ್ಟ್ರೀ," ಎನ್ನುತ್ತ ಕುಂತೇ ಬಿಡುವರು. ನೂಲು ಸುತ್ತಿದ ಕಂಡಿಕೆ ಜೇಬಿನಲ್ಲೇ ಇರುತ್ತಿತ್ತು. ಬಂದ ಜನರನ್ನು ಬೈದರೆ ನಾಳೆ ಯಾರು ಬರುತ್ತಾರೆ? ಕಂಡಕ್ಟರು ಆ ಕಡೆ ಮುಖ ತಿರುಗಿಸುವರು. ಲಾಳಿಯ ಸದ್ದಿಗೆ ನಾನು ತೂಕಡಿಸುತ್ತಿದ್ದೆ.

ಒಂದು ದಿನ ಒಡತಿಯೇ ಬಂದಿಳಿದರು. "ಮದಲ ನಮ್ಮಜ್ಜಿ ಅರ್ಧ ಸೀರಿ ತೋರಸ್ರಿ. ಅದರ ಸಲುವಾಗಿ ಈ ಮನಿ ಇಟ್ಟೀನಿ."

ನೋಡಿದರೆ ಸೀರೆ ಪೂರಾ ಆಗಿಬಿಟ್ಟಿತ್ತು! ಅಂಚು ನಾರಾಯಣಪೇಟೆಯದು, ಸೆರಗು ಗದ್ವಾಲದ್ದು.

ಕಂಡಕ್ಟರು ಕೈಮುಗಿದರು. "ತಪ್ಪಾತ್ರೀ ಅಮ್ಮಾ... ಬಂದ ಜನ ಸುಮ್ಕ ಇರಲಿಲ್ರಿ."

ಅಜ್ಜಿಯ ಎಳೆ ಎಲ್ಲಿ ಮುಗಿಯಿತೆಂದು ಒಡತಿ ಬೆರಳಾಡಿಸಿ ಹುಡುಕಿದರು. ಸಿಗಲಿಲ್ಲ. ಆಮೇಲೆ ಸಿಡುಕಿದರು: "ಕುಪ್ಪಸದ ಬಟ್ಟಿ ಎಲ್ಲಿ? ಅದಿಲ್ಲದ ಹೆಂಗ ಉಡ್ಲಿ? ಮಗ್ಗದ ಮ್ಯಾಲ ಹಾಸಿನ ನೂಲು ಇನ್ನೂ ಉಳದೈತಲ್ಲ. ಅದು ಮುಗಿಯೋ ತನಕ ಬೀಗ ಹಾಕಂಗಿಲ್ಲ, ತಿಳೀತಿಲ್ಲೋ?"

ಅವತ್ತಿನಿಂದ ಊರಿನ ನೇಕಾರರು ಸರದಿಯ ಮೇಲೆ ಬಂದು ದಿನಕ್ಕೆ ಒಂದೇ ಎಳೆ ನೇಯುತ್ತಾರೆ. ಮೊನ್ನೆ ಗದ್ವಾಲದವರೊಬ್ಬರು ಹುರುಪಿನಲ್ಲಿ ಒಂದು ಗೇಣು ನೇಯ್ದುಬಿಟ್ಟರಂತೆ. ಕಂಡಕ್ಟರು ಅವರಿಗೆ ಚಹಾ ಕುಡಿಸಿ, ಕೂರಿಸಿ, ಅಷ್ಟನ್ನೂ ಬಿಚ್ಚಿಸಿದರು.