ನೀರಿನ ಪೆಟ್ಟಿಗೆಗೆ ಪೂಜೆ

ನಮ್ಮ ಹಿರಿಯೂರಿನ ಕಾಲೇಜಿನಿಂದ ನಾಡಿಗೊಬ್ಬ ಸಂಶೋಧಕನನ್ನು ಕೊಡದೆ ನಾನು ನಿವೃತ್ತನಾಗುವುದಿಲ್ಲ ಎಂದು ಘೋಷಿಸಿದೆ. ಘೋಷಿಸಿದ್ದು ಅಡುಗೆಮನೆಯಲ್ಲಿ. ಕೇಳಿಸಿಕೊಂಡಿದ್ದು ಹೆಂಡತಿ ಸುಚಿತ್ರಾ ಮತ್ತು ಕುಕ್ಕರ್. ಕುಕ್ಕರ್ ಸೀಟಿಯನ್ನಾದರೂ ಹೊಡೆಯಿತು!

ಪ್ರಿನ್ಸಿಪಾಲ್ ಗಂಗಾಧರಪ್ಪನವರು ನನ್ನನ್ನು ಕಾಲೇಜಿನ ನಾವೀನ್ಯತಾ ಕೋಶಕ್ಕೆ ಸಂಚಾಲಕನನ್ನಾಗಿ ಮಾಡಿದ್ದರು. ಉಳಿದವರೆಲ್ಲ ಬೆನ್ನುನೋವು, ಮಗಳ ಮದುವೆ ಎಂದು ಜಾರಿಕೊಂಡಿದ್ದರಿಂದ ಕಿರೀಟ ಕಾಮರ್ಸ್ ಮೇಷ್ಟ್ರಾದ ನನ್ನ ತಲೆಗೆ ಬಂತು. ವಿದ್ಯಾರ್ಥಿ ನಾಯಕರನ್ನು ತಯಾರು ಮಾಡಿ, ಕಾಲೇಜಿನ ಯಾವುದಾದರೊಂದು ತೊಂದರೆಗೆ ಅವರಿಂದಲೇ ಹೊಸ ಪರಿಹಾರ ಹುಡುಕಿಸುವುದು ಕೆಲಸ. ನಾನು ಮೇಜು ಗುದ್ದಿ ಗುದ್ದಿ ಭಾಷಣ ಮಾಡಿದೆ. ಹುಡುಗರು ಆಕಳಿಸಿದರು. ಅನುಷಾ ಒಬ್ಬಳು ನಂಬಿಬಿಟ್ಟಳು.

ಯಲ್ಲದಕೆರೆಯಿಂದ ಬಸ್ಸಿನಲ್ಲಿ ಬರುವ ಕೊನೆಯ ವರ್ಷದ ಬಿ.ಎಸ್ಸಿ. ಹುಡುಗಿ ಅವಳು. "ಸರ್, ಹುಡುಗೀರ ಟಾಯ್ಲೆಟ್ ಟ್ಯಾಂಕಿಗೆ ನೀರೇ ಇರಲ್ಲ. ನಲ್ಲಿ ನೀರು ಯಾವಾಗ ಬರ್ತೈತೋ ಯಾರಿಗೂ ಗೊತ್ತಾಗಲ್ಲ, ಮೋಟ್ರು ಹಾಕೋರೂ ಇಲ್ಲ. ಅದಕ್ಕೇ ನಾವು ಮನೆ ಬಿಟ್ರೆ ಸಂಜೆತನಕ ಒಂದು ಗುಟುಕು ನೀರು ಕುಡಿಯಲ್ಲ" ಎಂದಳು. ಹೇಳಿ ಸುಮ್ಮನಾಗಲಿಲ್ಲ, ತಾನೇ ಕೂತು ಬ್ಯಾಟರಿಯ ಒಂದು ಪೆಟ್ಟಿಗೆ ಮಾಡಿದಳು. ನಲ್ಲಿಗೆ ನೀರು ಬಂದ ಕೂಡಲೇ ಅದು ಕುಂಯ್ ಎಂದು ಕೂಗಿ ಮೋಟಾರನ್ನು ತಾನೇ ಚಾಲೂ ಮಾಡುತ್ತಿತ್ತು.

ಗಂಗಾಧರಪ್ಪನವರು ಮಾತ್ರ ಜಗ್ಗಲಿಲ್ಲ. "ಕೋಶದ ಕೆಲಸ ನೋಡಿ ಬಹುಮಾನ ಕೊಡಾಕೆ ಮೇಲಿಂದ ತಂಡ ಬರ್ತೈತೆ, ಅವರು ನೋಡಿ ಒಪ್ಪಲಿ. ಅಲ್ಲಿತನಕ ಕಾಲೇಜಿನ ವೈರ್ ಯಾರೂ ಮುಟ್ಟಂಗಿಲ್ಲ" ಎಂದರು.

ತಂಡ ಬರುವ ಹಿಂದಿನ ಸಂಜೆ ಪೆಟ್ಟಿಗೆಯನ್ನು ಮನೆಗೆ ತಂದೆ, ಏಕೆಂದರೆ ಲ್ಯಾಬಿನ ಬಾಗಿಲಿಗೆ ಚಿಲಕವಿರಲಿಲ್ಲ. ಬೀದಿಯವರನ್ನೆಲ್ಲ ಕರೆದು ಅದರ ಮಹಿಮೆ ಬಣ್ಣಿಸಿದೆ. ಆಮೇಲೆ ನೆನಪಾಯಿತು, ಹೊಸ ಮೆಷಿನ್ನಿಗೆ ಪೂಜೆಯೇ ಆಗಿಲ್ಲ! ವಿಭೂತಿ ಬಳಿದೆ, ಕುಂಕುಮ ಇಟ್ಟೆ, ಸೇವಂತಿಗೆ ಹಾರ ಹಾಕಿದೆ. ತೆಂಗಿನಕಾಯಿ ಕೈಗೆತ್ತಿಕೊಂಡೆ.

"ಕರೆಂಟಿನ ಸಾಮಾನು ರೀ ಅದು. ಸುಮ್ನೆ ಇಡ್ರಿ" ಎಂದಳು ಸುಚಿತ್ರಾ.

"ಸ್ಕೂಟರ್ ತಂದಾಗ ಕಾಯಿ ಒಡೀಲಿಲ್ವಾ?"

"ಸ್ಕೂಟರ್ ಮಳೇಲಿ ನಿಲ್ತೈತೆ. ಇದು ನಿಲ್ತೈತಾ?"

"ಸೈನ್ಸ್ ನಿಂಗೆ ತಿಳಿಯಲ್ಲ ಬಿಡು" ಎಂದರು ಕಾಮರ್ಸ್ ಮೇಷ್ಟ್ರು.

ಪೆಟ್ಟಿಗೆಗೆ ನಿವಾಳಿಸಿ, ಪಕ್ಕದ ಕಲ್ಲಿಗೆ ಕಾಯಿ ಅಪ್ಪಳಿಸಿದೆ. ಅರ್ಧ ನೀರು ನನ್ನ ಮುಖಕ್ಕೆ ಎರಚಿತು. ಉಳಿದರ್ಧ ಪೆಟ್ಟಿಗೆಯ ತೂತುಗಳೊಳಗೆ ಇಳಿಯಿತು.

ಪೆಟ್ಟಿಗೆ ಕುಂಯ್ ಎಂದಿತು. ಬಾಯಿ ಮುಚ್ಚಲೇ ಇಲ್ಲ. ಪಕ್ಕದ ಮನೆಯ ರೇಣುಕಮ್ಮ "ನೀರು ಬಂತು ಬರ್ರೇ" ಎಂದು ಕೂಗಿದ್ದೇ ತಡ, ಇಡೀ ಬೀದಿ ಕೊಡಗಳ ಸಮೇತ ನಮ್ಮ ಬಾಗಿಲಿಗೆ ಬಂತು. ಸಾಲು ನಿಂತಿತು, ಸಾಲಿನಲ್ಲಿ ಜಗಳ ಹುಟ್ಟಿತು, ಯಾರದೋ ಕೊಡ ಇನ್ಯಾರದೋ ಕಾಲ ಮೇಲೆ ಬಿತ್ತು.

"ಎಲ್ಲಿ ಮೇಷ್ಟ್ರೇ ನೀರು?" ಎಂದರು ರೇಣುಕಮ್ಮ.

"ತೆಂಗಿನಕಾಯಿ ನೀರು ಬಂದೈತೆ, ಲೋಟ ತರ್ರಿ" ಎಂದಳು ಸುಚಿತ್ರಾ.

ಜನ ಬೈದುಕೊಂಡು ಹೋದರು. ಪೆಟ್ಟಿಗೆ ಒಮ್ಮೆ ಬಿಕ್ಕಿ ತಣ್ಣಗಾಯಿತು.

"ಆ ಹುಡುಗೀಗೆ ಈಗ್ಲೇ ಫೋನ್ ಮಾಡಿ ಹೇಳ್ರಿ. ಬೆಳಿಗ್ಗೆ ಬೇಗ ಬಂದು ಸರಿ ಮಾಡ್ಕಳ್ತಾಳೆ."

"ಒಣಗಿದ್ರೆ ಸರಿಹೋಗ್ತೈತೆ" ಎಂದೆ. ಸಂಚಾಲಕನ ಮರ್ಯಾದೆ ನೋಡಿ, ಫೋನ್ ಮುಟ್ಟಲು ಬಿಡಲಿಲ್ಲ.

ಮರುದಿನ ತಂಡ ಬಂತು. ದೀಪ ಬೆಳಗಿದ್ದಾಯಿತು, ಸ್ವಾಗತ ಮುಗಿಯುವಷ್ಟರಲ್ಲಿ ಊಟದ ಹೊತ್ತಾಯಿತು. ಅನುಷಾ ಪೈಪಿಗೆ ನೀರು ಸುರಿದಳು. ಪೆಟ್ಟಿಗೆ ಮಾತಾಡಲಿಲ್ಲ. ಇನ್ನೊಂದು ಬಕೆಟ್ ಸುರಿದಳು. ಮುಚ್ಚಳ ಬಿಚ್ಚಿದಳು. ಒಳಗೆ ಕುಂಕುಮದ ಕೆಸರು, ಅದರಲ್ಲೊಂದು ಕಾಯಿಚೂರು. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ನಾನು ತಂಡದ ಮುಖ್ಯಸ್ಥರನ್ನು ನೋಡಿದೆ. ಅವರು ವಾಚು ನೋಡಿಕೊಂಡರು.

"ಪರವಾಗಿಲ್ಲಮ್ಮ, ಮುಂದಿನ ವರ್ಷ ತೋರಿಸು."

ನಿಜ ಹೇಳಿಬಿಡೋಣವೆಂದು ಎದ್ದು ನಿಂತೆ. ವಿದ್ಯಾರ್ಥಿ ನಾಯಕರನ್ನು ರೂಪಿಸಿದ ಗುರುವಿಗೆ ಸನ್ಮಾನ ಎಂದು ಮೈಕು ಅಷ್ಟರಲ್ಲೇ ಕೂಗಿತು. ಶಾಲು ಬಂತು, ಹಾರ ಬಿತ್ತು, ಮೈಕು ಬಾಯಿಯ ಮುಂದೆ ಬಂತು. "ಎಲ್ಲರಿಗೂ ಧನ್ಯವಾದ" ಎಂದೆ. ಆ ಎರಡು ಮಾತಿಗೆ ನನಗೆ ಇವತ್ತಿಗೂ ಹೇಸಿಗೆಯಾಗುತ್ತದೆ. ಮೊದಲ ಬಹುಮಾನ 'ನಾವೀನ್ಯತೆಯೇ ಉಸಿರು' ಎಂದು ಬರೆದಿದ್ದ ರಂಗೋಲಿಗೆ ಹೋಯಿತು.

ಅನುಷಾ ಟಾಯ್ಲೆಟ್ಟಿನ ಹಿಂದೆ, ಖಾಲಿ ಟ್ಯಾಂಕಿನ ಹತ್ತಿರ ವೈರು ಸುತ್ತುತ್ತಿದ್ದಳು.

"ತಪ್ಪು ನಂದಮ್ಮ. ಇದಕ್ಕೆ ಹಾರ ಹಾಕಿ ಕಾಯಿ ಒಡೆದೆ. ಮುಂದಿನ ವರ್ಷ..."

"ಮುಂದಿನ ವರ್ಷ ನಾನಿರಲ್ಲ ಸರ್. ಹುಡುಗೀರು ಇರ್ತಾರೆ, ಟ್ಯಾಂಕು ಹಿಂಗೇ ಇರ್ತೈತೆ."

ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಪೆಟ್ಟಿಗೆಯನ್ನು ಎತ್ತಿ ನನ್ನ ಎರಡೂ ಕೈಗಳ ಮೇಲೆ ಇಟ್ಟಳು.

"ಇದನ್ನ ನೀವೇ ಇಟ್ಕಳ್ರಿ ಸರ್. ಕೆಲಸ ಮಾಡ್ದೆ ಹಾರ ಹಾಕಿಸ್ಕಳ್ಳೋದು ಇದೂ ಕಲ್ತೈತೆ."

ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು. ನನ್ನ ಕೊರಳಲ್ಲಿ ಇನ್ನೂ ಸನ್ಮಾನದ ಹಾರವಿತ್ತು. ಕಿತ್ತು ಬಿಸಾಡಬೇಕೆನಿಸಿತು. ಎರಡೂ ಕೈಯಲ್ಲಿ ಪೆಟ್ಟಿಗೆಯಿತ್ತು.